ಕೂಸು ಮನೆತನದ್ದು

ಸಿಲ್ವರ್ ಸ್ಪ್ರಿಂಗ್, ಮೇರಿಲ್ಯಾಂಡ್
8 ಸೆಪ್ಟೆಂಬರ್ 1996

ಅತ್ತಿಗೆ ಸಿದ್ದೇಶ್ವರಿಯವರಿಗೆ ಶರಣು.

ನಾವಿಬ್ಬರೂ ಕ್ಷೇಮ. ನಿಮ್ಮ ಎದುರಿನ ಅಪಾರ್ಟ್‌ಮೆಂಟಿಗೆ ಬೋಸ್ನಿಯಾದಿಂದ ನಿರಾಶ್ರಿತರ ಕುಟುಂಬವೊಂದು ಬಂದಿದೆಯಂತೆ. ಎರಡು ಕೋಣೆಯಲ್ಲಿ ಎಂಟು ಜನ, ಬಾಗಿಲ ತುಂಬ ಚಪ್ಪಲಿ, ದಿನವಿಡೀ ಗದ್ದಲ ಎಂದು ನೀವು ಊರ್ಮಿಳಾ ಮುಂದೆ ಫೋನಿನಲ್ಲಿ ಗೊಣಗಿದಿರಂತೆ. ನಿಮಗದು ಗದ್ದಲ; ನನಗೆ ಮನೆ ಬಾಗಿಲಿಗೆ ಬಂದ ಭಾಗ್ಯ.

ನಾನು 1969ರಲ್ಲಿ ಸ್ಕಾಲರ್‌ಶಿಪ್ ಪಡೆದು ಆಗ ಬೋಸ್ನಿಯಾವೂ ಸೇರಿದ್ದ ಯುಗೋಸ್ಲಾವಿಯಕ್ಕೆ ಹೋದದ್ದು ಏತಕ್ಕೆಂದು ನೀವು ಎಂದೂ ಕೇಳಲಿಲ್ಲ. ಎರಡು ವರ್ಷ ಏಳು ಹಳ್ಳಿ ಸುತ್ತಿ ಅಲ್ಲಿಯ ಕೂಡುಕುಟುಂಬವನ್ನು ಅಧ್ಯಯನ ಮಾಡಲು. ಅವರ ಭಾಷೆಯಲ್ಲಿ ಅದಕ್ಕೆ ಝಾದ್ರುಗಾ ಎನ್ನುತ್ತಾರೆ. ತಂದೆ, ಗಂಡುಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು. ಎಲ್ಲರಿಗೂ ಒಂದೇ ಹೊಲ, ಒಂದೇ ಒಲೆ, ಒಬ್ಬನೇ ಯಜಮಾನ. ನಮ್ಮ ಹಿರೇಕೊಪ್ಪದ ಮನೆಯನ್ನೇ ಎತ್ತಿ ಸ್ಲಾವ್ ಜನರ ನಡುವೆ ಇಟ್ಟಂತೆ. ಆ ವ್ಯವಸ್ಥೆ ಸತ್ತುಹೋಯಿತೆಂದು ಪಂಡಿತರು ಬರೆದು ಎಷ್ಟೋ ವರ್ಷವಾಯಿತು. ಅದು ಅಮೆರಿಕದ ಜಾರ್ಜಿಯಾದಲ್ಲಿ, ನಿಮ್ಮ ಎದುರಿನ ಅಪಾರ್ಟ್‌ಮೆಂಟಿನಲ್ಲಿ ಇನ್ನೂ ಉಸಿರಾಡುತ್ತಿದೆ ಎಂದು ತೋರಿಸಿದರೆ ನನ್ನ ಪುಸ್ತಕಕ್ಕೆ ಬೇಕಾದ ಕೊನೆಯ ಅಧ್ಯಾಯ ಸಿಕ್ಕಂತೆ.

ನಲವತ್ತು ಪ್ರಶ್ನೆಗಳ ಪಟ್ಟಿ ಲಗತ್ತಿಸಿದ್ದೇನೆ. ಬಿಡುವಾದಾಗ ಕೇಳಿ ಬರೆದುಕೊಳ್ಳಿ. ನಿಮ್ಮ ಸ್ವಂತ ಅಭಿಪ್ರಾಯ ಸೇರಿಸಬೇಡಿ. ಆಸ್ಪತ್ರೆಯಲ್ಲಿ ರೋಗಿಯ ಚಾರ್ಟ್ ತುಂಬುತ್ತೀರಲ್ಲ, ಹಾಗೆ ಎಂದುಕೊಳ್ಳಿ. ಇದಕ್ಕೆ ವಿಶೇಷ ತಿಳುವಳಿಕೆಯೇನೂ ಬೇಡ.

ನಿಮ್ಮ ಮೈದುನ,
ಬಸಲಿಂಗಪ್ಪ


ಡುಲುತ್, ಜಾರ್ಜಿಯಾ
29 ಸೆಪ್ಟೆಂಬರ್ 1996

ಪ್ರೊಫೆಸರ್ ಬಸಲಿಂಗಪ್ಪನವರಿಗೆ,

ಕೂಡುಕುಟುಂಬದ ಮೇಲೆ ಪುಸ್ತಕ ಬರೆಯುವವನು ನೀನು. ಹೋದ ವರ್ಷ ನಾನು ವಾಷಿಂಗ್ಟನ್ ನೋಡಲು ಬಂದಾಗ, ನಾಲ್ಕು ಮಲಗುವ ಕೋಣೆಯ ಮನೆ ಇಟ್ಟುಕೊಂಡು ನನಗೆ ಮೋಟೆಲ್ ಬುಕ್ ಮಾಡಿದವನೂ ನೀನು. "ಇವ್ರಿಗೆ ಮನೇಲಿ ಯಾರಾದ್ರೂ ಇದ್ರೆ ಕಾನ್ಸಂಟ್ರೇಟ್ ಮಾಡೋಕಾಗಲ್ಲ ಅಂತಾರೆ ಅತ್ತಿಗೆ" ಎಂದು ಊರ್ಮಿಳಾ ಬಾಗಿಲಲ್ಲಿ ನಿಂತು ನೆಲ ನೋಡಿದಳು. ಪುಸ್ತಕದ ಮುನ್ನುಡಿಯಲ್ಲಿ ಆ ಮೋಟೆಲಿನ ಹೆಸರನ್ನೂ ಹಾಕು.

ವಿಶೇಷ ತಿಳುವಳಿಕೆ ಬೇಡದ ಕೆಲಸವಾದ್ದರಿಂದ ಮಾಡಿದ್ದೇನೆ. ಯಜಮಾನನ ಹೆಸರು ಇಬ್ರಾಹಿಂ, ಕೋಳಿ ಕತ್ತರಿಸುವ ಕಾರ್ಖಾನೆಯಲ್ಲಿ ಕೆಲಸ. ಹೆಂಡತಿ ಝುಲ್ಫಾ, ಮೂವರು ಮಕ್ಕಳು. ತಾಯಿ ಹಸ್ನಾ, ಎಪ್ಪತ್ತು ದಾಟಿದ ಮುದುಕಿ. ಯುದ್ಧದಲ್ಲಿ ಸತ್ತ ತಮ್ಮನ ಹೆಂಡತಿ ಮಿರ್ಸಾದಾ, ಇಪ್ಪತ್ತೊಂಬತ್ತು ವರ್ಷ. ಅವಳಿಗೂ ಇಬ್ರಾಹಿಂಗೂ ಅಷ್ಟಿಷ್ಟು ಇಂಗ್ಲಿಷ್ ಬರುತ್ತದೆ; ಉಳಿದವರ ಮಾತನ್ನು ಅವಳೇ ತಿರುಗಿಸಿ ಹೇಳಿದಳು. ಅವಳ ಮಗಳು ಅಮ್ರಾ, ಆರು ವರ್ಷ. ಕೂಸು ನನ್ನ ಕೈ ನೋಡಿ, ಇದು ತೊಳೆದರೆ ಬೆಳ್ಳಗಾಗುತ್ತದೆಯೇ ಎಂದು ಕೇಳಿತು. ಈ ದೇಶಕ್ಕೆ ಬಂದ ಇಪ್ಪತ್ತಮೂರು ವರ್ಷದಿಂದ ತೊಳೆಯುತ್ತಿದ್ದೇನೆ, ಆಗಿಲ್ಲ ಎಂದೆ.

ಏಳನೆಯ ಪ್ರಶ್ನೆ, ಅಡುಗೆಯ ಹಂಚಿಕೆ ಹೇಗೆ? ಪಾಳಿ. ಒಂದು ವಾರ ಝುಲ್ಫಾ, ಒಂದು ವಾರ ಮಿರ್ಸಾದಾ. ಝುಲ್ಫಾಳ ಪಾಳಿ ಬಂದ ವಾರ ಝುಲ್ಫಾಳಿಗೆ ಸೊಂಟ ನೋವು ಬರುತ್ತದೆ.

ಹದಿನಾಲ್ಕನೆಯ ಪ್ರಶ್ನೆ, ನಿರ್ಧಾರಗಳು ಒಮ್ಮತದಿಂದ ಆಗುತ್ತವೆಯೇ? "ಎಲ್ಲರೂ ಕೂತು ಮಾತಾಡಿಯೇ ತೀರ್ಮಾನ ಮಾಡುತ್ತೇವೆ" ಎಂದ ಇಬ್ರಾಹಿಂ. ಅವನು ಹಾಗೆನ್ನುವಾಗ ಹೆಂಗಸರಿಬ್ಬರೂ ನಿಂತಿದ್ದರು.

ಇಪ್ಪತ್ತೆರಡನೆಯದು, ಹೆಂಗಸರಿಗೆ ಸ್ವಂತ ಆಸ್ತಿ ಇದೆಯೇ? ಇದೆ. ಮಿರ್ಸಾದಾ ಮಂಚದ ಕೆಳಗಿಂದ ಎಳೆದು ತೋರಿಸಿದಳು. ಒಂದು ಸೂಟ್‌ಕೇಸ್, ಬೀಗ ಕೆಟ್ಟಿದೆ.

ಉಳಿದ ಉತ್ತರಗಳು ಬೇರೆ ಹಾಳೆಯಲ್ಲಿವೆ. ಸ್ವಂತ ಅಭಿಪ್ರಾಯ ಎಲ್ಲೂ ಸೇರಿಸಿಲ್ಲ.

ಸಿದ್ದೇಶ್ವರಿ


ಸಿಲ್ವರ್ ಸ್ಪ್ರಿಂಗ್
20 ಅಕ್ಟೋಬರ್ 1996

ಅತ್ತಿಗೆಯವರಿಗೆ,

ಉತ್ತರಗಳು ತಲುಪಿದವು. ಅರ್ಧದಷ್ಟು ಉಪಯೋಗಕ್ಕೆ ಬರುತ್ತವೆ. ವ್ಯಂಗ್ಯ ಸಂಶೋಧನೆಯ ಭಾಷೆಯಲ್ಲ. ಸೊಂಟ ನೋವಿಗೆ ನನ್ನ ಪುಸ್ತಕದಲ್ಲಿ ಜಾಗವಿಲ್ಲ.

ನಾನೇ ಅವರಿಗೆ ಫೋನ್ ಮಾಡಿದ್ದೆ. ತಮ್ಮ ಭಾಷೆ ಕೇಳಿ ಆ ಮುದುಕಿ ಅತ್ತೇಬಿಟ್ಟರು. ಎಂಥ ಸಂಪನ್ನ ಭಾಷೆ ಅದು! ಗಂಡನ ತಮ್ಮನಿಗೆ ಅವರು ದ್ಯೇವೆರ್ ಎನ್ನುತ್ತಾರೆ. ಸಂಸ್ಕೃತದಲ್ಲಿ ಮೈದುನನಿಗೆ 'ದೇವರ' ಎನ್ನುತ್ತಾರಲ್ಲ, ಅವನೇ. ಅಣ್ಣತಮ್ಮಂದಿರ ಹೆಂಡಿರು ಒಬ್ಬರಿಗೊಬ್ಬರು ಯೆತ್ರವ, ನಮ್ಮ ನೆಗೆಣ್ಣಿ. ಇಂಗ್ಲಿಷಿನವರಿಗೆ ಇದ್ಯಾವುದಕ್ಕೂ ಪದವಿಲ್ಲ, ಏಕೆಂದರೆ ಬಂಧವಿಲ್ಲ. ಕೊನೆಯ ಅಧ್ಯಾಯ ಈ ಮಾತಿನಿಂದಲೇ ಶುರುವಾಗುತ್ತದೆ.

ಇನ್ನೂ ಹತ್ತೊಂಬತ್ತು ಪ್ರಶ್ನೆಗಳನ್ನು ಕಳಿಸುತ್ತಿದ್ದೇನೆ. ಯಜಮಾನನನ್ನೂ ಮುದುಕಿಯನ್ನೂ ಕೇಳಿ. ಆ ವಿಧವೆಯ ಮಾತಿಗೆ ಅಷ್ಟು ತೂಕ ಕೊಡಬೇಡಿ. ಮನೆಯ ಅಂಚಿನಲ್ಲಿ ನಿಂತವರಿಗೆ ಮನೆಯ ಸ್ವರೂಪ ಕಾಣುವುದಿಲ್ಲ.

ಬಸಲಿಂಗಪ್ಪ


ಡುಲುತ್
1 ಡಿಸೆಂಬರ್ 1996

ಬಸಲಿಂಗಪ್ಪನಿಗೆ,

ನಿನ್ನ ಹತ್ತೊಂಬತ್ತು ಪ್ರಶ್ನೆಗಳನ್ನು ಇನ್ನೂ ಕೇಳಿಲ್ಲ. ಈ ಸಲ ನನಗೇ ನಿನ್ನಿಂದ ಒಂದು ಕೆಲಸ ಆಗಬೇಕಿದೆ.

ಮಿರ್ಸಾದಾಳ ಅಕ್ಕ ನಾರ್ತ್ ಕ್ಯಾರೊಲಿನಾದ ಶಾರ್ಲೆಟ್‌ನಲ್ಲಿದ್ದಾಳೆ. ಹೋಟೆಲೊಂದರ ಲಾಂಡ್ರಿಯಲ್ಲಿ ತಂಗಿಗೂ ಕೆಲಸ ಗೊತ್ತುಮಾಡಿದ್ದಾಳೆ, ಇರಲು ಒಂದು ಕೋಣೆಯನ್ನೂ. ಮಿರ್ಸಾದಾ ಮನೆಯಲ್ಲಿ ವಿಷಯ ತೆಗೆದಳು. ಇಬ್ರಾಹಿಂ ಕೂಗಾಡಲಿಲ್ಲ, ಹೊಡೆಯಲಿಲ್ಲ. "ನೀನು ಹೋಗುವುದಾದರೆ ಹೋಗು. ನನ್ನ ತಮ್ಮನ ಕೂಸು ಈ ಮನೆಯಲ್ಲಿಯೇ ಇರುತ್ತದೆ" ಎಂದ. ಹೇಳುವಾಗ ತಮ್ಮನನ್ನು ನೆನೆದು ಅತ್ತನಂತೆ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಸುಲಭವಿತ್ತು.

ಇದನ್ನೆಲ್ಲ ಅವಳು ನನ್ನ ಅಡುಗೆಮನೆಯಲ್ಲಿ ನಿಂತು ಹೇಳಿದಳು. ನಾನು ಹೇಳದಿದ್ದರೂ ನನ್ನ ಟವೆಲ್‌ಗಳನ್ನು ಮಡಿಸುತ್ತಿದ್ದಳು. ದೊಡ್ಡ ಮನೆಯ ಸೊಸೆಗೆ ಬೇರೆಯವರ ಮನೆಯಲ್ಲೂ ಕೈ ಸುಮ್ಮನಿರುವುದಿಲ್ಲ. "ಒಂದೀಟು ಸುಮ್ಮನ ಕೂಡ್ರವ್ವ" ಎಂದು ಕನ್ನಡದಲ್ಲೇ ಗದರಿದೆ. ಕೂತಳು.

ಇಬ್ರಾಹಿಂ ಹೇಳಿದ ಮಾತನ್ನು ನಾನು ಮೊದಲೇ ಕೇಳಿದ್ದೇನೆ, ಕನ್ನಡದಲ್ಲಿ. ನೀನೂ ಕೇಳಿದ್ದೀಯ. ಮೂವತ್ತು ವರ್ಷದಿಂದ ನೀನು ಆ ಸುದ್ದಿ ಎತ್ತಿಲ್ಲ, ಆದ್ದರಿಂದ ನಾನೇ ಬರೆಯುತ್ತೇನೆ. ನಿನ್ನ ಅಣ್ಣ, ನನ್ನ ಗಂಡ ಕರಬಸಪ್ಪ, ಜ್ವರದಿಂದ ತೀರಿ ಎಂಟು ತಿಂಗಳಾಗಿತ್ತು. ಇಪ್ಪತ್ತೆರಡು ಜನರ ಮನೆಯಲ್ಲಿ ರೊಟ್ಟಿ ಬಡಿಯುವುದು ಬಿಟ್ಟರೆ ನನಗೆ ಬೇರೆ ಕೆಲಸವಿರಲಿಲ್ಲ, ಬೇರೆ ಹೆಸರೂ ಇರಲಿಲ್ಲ. ಹುಬ್ಬಳ್ಳಿಯಲ್ಲಿ ನರ್ಸ್ ತರಬೇತಿಗೆ ನನ್ನ ತಮ್ಮ ಸೀಟು ಕೊಡಿಸಿದ. ನಿಮ್ಮ ಹಿರಿಯಣ್ಣ ಶಿವಬಸಪ್ಪ ಪಡಸಾಲೆಯಲ್ಲಿ ಕೂತು, "ಹೋಗಾಕಿ ಹೋಗವಲ್ಲಳ್ಯಾಕ. ಕೂಸು ಮನೆತನದ್ದು" ಅಂದರು. ನನ್ನ ಕಲ್ಮೇಶನಿಗೆ ಆಗ ನಾಲ್ಕು ವರ್ಷ. ಅವನನ್ನು ಅವನ ಸೋದರತ್ತೆಯ ಊರಿಗೆ ಕಳಿಸಿದ್ದೇವೆ, ಕಾಗದಕ್ಕೆ ಸಹಿ ಮಾಡಿದರೆ ಕರೆಸಿ ಒಮ್ಮೆ ಮುಖ ತೋರಿಸುತ್ತೇವೆ ಎಂದರು. ಮೂರು ದಿನ ತಡೆದುಕೊಂಡೆ.

ಆ ಕಾಗದ ಬರೆದವನು ನೀನು. ತಪ್ಪಿಲ್ಲದೆ ಬರೆಯಬಲ್ಲವನು ಮನೆಯಲ್ಲಿ ನೀನೊಬ್ಬನೇ ಇದ್ದೆ; ಧಾರವಾಡದಲ್ಲಿ ಬಿ.ಎ. ಮುಗಿಸಿ ಬಂದಿದ್ದೆ. 'ಕಲ್ಮೇಶನ ಮೇಲೆ ನನಗೆ ಇನ್ನು ಮುಂದೆ ಯಾವ ಹಕ್ಕೂ ಇರುವುದಿಲ್ಲ.' ಎಷ್ಟು ದುಂಡಗಿನ ಅಕ್ಷರ! ಸಹಿ ಮಾಡಿ ನಿನ್ನ ಮುಖ ನೋಡಿದೆ. ನೀನು ಶಾಯಿ ಆರಲೆಂದು ಕಾಗದಕ್ಕೆ ಊದುತ್ತಿದ್ದೆ.

ಈಗ ಅವನಿಗೆ ಮೂವತ್ತನಾಲ್ಕು. ಬೈಲಹೊಂಗಲದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ನಾನು ಹೆತ್ತದ್ದು ಅವನಿಗೆ ಗೊತ್ತು. ನೌಕರಿಯ ಆಸೆಗೆ ತಾನಾಗಿ ಬಿಟ್ಟುಹೋದಳು ಎಂದು ಶಿವಬಸಪ್ಪ, ಅವರ ಹೆಂಡತಿ ವಿದ್ಯಾವತಿ ಹೇಳಿ ಬೆಳೆಸಿದ್ದಾರೆ. ನನ್ನನ್ನು ಅವ್ವ ಎನ್ನುವುದಿಲ್ಲ, ಚಿಗವ್ವ ಎನ್ನುತ್ತಾನೆ. ನಾನು ತಿದ್ದಲಿಲ್ಲ.

ಅದು ಇರಲಿ. ಈ ಜನ ನಿನ್ನನ್ನು ದೊಡ್ಡ ಮನುಷ್ಯನೆಂದು ನಂಬಿದ್ದಾರೆ. ನಮ್ಮ ಸೀಮೆಯವನ ಹಾಗೆ ಮಾತಾಡುತ್ತಾನೆ ಎಂದು ಮುದುಕಿ ಹಿಗ್ಗುತ್ತಾಳೆ. ಒಂದು ಸಲ ಫೋನ್ ಮಾಡಿ ಅವರ ಭಾಷೆಯಲ್ಲಿ ಹೇಳು, ಕೂಸು ತಾಯಿಯ ಜೊತೆ ಹೋಗಲಿ ಎಂದು. ಇಷ್ಟೇ. ಅದಕ್ಕೆ ಪುಸ್ತಕ ಬೇಡ.

ಸಿದ್ದೇಶ್ವರಿ


ಸಿಲ್ವರ್ ಸ್ಪ್ರಿಂಗ್
15 ಡಿಸೆಂಬರ್ 1996

ಅತ್ತಿಗೆಯವರಿಗೆ,

ನಿಮ್ಮ ಪತ್ರವನ್ನು ಊರ್ಮಿಳಾ ಕೈಗೆ ಸಿಗದಂತೆ ಎತ್ತಿಡಬೇಕಾಯಿತು.

ನೀವು ಕೇಳಿದ್ದು ಸಾಧ್ಯವಿಲ್ಲ. ಸಂಶೋಧಕನು ತಾನು ನೋಡುವ ಮನೆಯೊಳಗೆ ಕೈ ಹಾಕಬಾರದು. ಇದು ನಿಮಗೆ ಅರ್ಥವಾಗದಿದ್ದರೆ ತಪ್ಪು ನಿಮ್ಮದಲ್ಲ.

66ರ ವಿಷಯ. ಹಿರಿಯರು ಹೇಳಿ ಬರೆಸಿದ್ದನ್ನು ನಾನು ಬರೆದೆ. ಬರೆಸುವವರಿಗೂ ಬರೆಯುವವನಿಗೂ ವ್ಯತ್ಯಾಸವಿದೆ. ಕಲ್ಮೇಶ ಹಸಿದು ಬೆಳೆಯಲಿಲ್ಲ. ನೀವು ಅಮೆರಿಕದಲ್ಲಿ ಸ್ವಂತ ಕಾರು ಓಡಿಸುತ್ತಿದ್ದೀರಿ. ಕೆಟ್ಟದ್ದು ಯಾರಿಗಾಯಿತೆಂದು ನನಗೆ ಇಂದಿಗೂ ತಿಳಿದಿಲ್ಲ.

ಫೆಬ್ರವರಿಯಲ್ಲಿ ಅಟ್ಲಾಂಟಾದಲ್ಲಿ ವಿಚಾರಸಂಕಿರಣವಿದೆ. ಒಂದು ಮಧ್ಯಾಹ್ನ ಅವರ ಮನೆಗೆ ಬರುತ್ತೇನೆ. ಎಂಟೂ ಜನ ಒಟ್ಟಿಗೆ ನಿಂತ ಫೋಟೋ ಮುಖಪುಟಕ್ಕೆ ಬೇಕು. ಅಲ್ಲಿಯವರೆಗೆ ಆ ಹೆಣ್ಣುಮಗಳು ಹೊರಟುಹೋಗದಂತೆ ನೋಡಿಕೊಂಡರೆ ಉಪಕಾರವಾದೀತು.

ಬಸಲಿಂಗಪ್ಪ


ಸಿಲ್ವರ್ ಸ್ಪ್ರಿಂಗ್
2 ಮಾರ್ಚ್ 1997

ಪ್ರೀತಿಯ ಅತ್ತಿಗೆ,

ನಾನು ಊರ್ಮಿಳಾ. ಫೋನ್ ಮಾಡೋಣ ಅಂದುಕೊಂಡೆ, ಆದರೆ ಇವರು ಪಕ್ಕದ ಕೋಣೆಯಲ್ಲೇ ಇರುತ್ತಾರೆ.

ಅಟ್ಲಾಂಟಾದಿಂದ ಬಂದಾಗಿನಿಂದ ಇವರು ಸರಿಯಾಗಿ ಮಾತಾಡಿಲ್ಲ. ಪುಸ್ತಕದ ಹಸ್ತಪ್ರತಿಯನ್ನು ರಟ್ಟಿನ ಡಬ್ಬಿಗೆ ತುಂಬಿ ಗರಾಜಿನಲ್ಲಿ ಇಟ್ಟಿದ್ದಾರೆ. ಕೇಳಿದರೆ "ಲೀವ್ ಇಟ್ ಊರ್ಮಿಳಾ" ಅಷ್ಟೇ. ಊಟವನ್ನೂ ಅರ್ಧಕ್ಕೆ ಬಿಟ್ಟು ಏಳುತ್ತಾರೆ. ಡ್ರಾಯರಿನಲ್ಲಿ ನಿಮ್ಮ ಡಿಸೆಂಬರ್ ಪತ್ರ ಸಿಕ್ಕಿತು. ಓದಿದೆ, ಕ್ಷಮಿಸಿ. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷ, ಇದರಲ್ಲಿ ಒಂದಕ್ಷರವೂ ನನಗೆ ಗೊತ್ತಿರಲಿಲ್ಲ. ಆ ಮೋಟೆಲಿನ ಬಗ್ಗೆಯೂ ನನಗೆ ಇವತ್ತಿಗೂ ನಾಚಿಕೆಯಿದೆ.

ಅಲ್ಲಿ ಏನಾಯಿತು ಅತ್ತಿಗೆ?

ಊರ್ಮಿಳಾ


ಡುಲುತ್
9 ಮಾರ್ಚ್ 1997

ಊರ್ಮಿಳಾಗೆ,

ನಡೆದದ್ದನ್ನು ಹೇಳುತ್ತೇನೆ.

ನಿನ್ನ ಗಂಡ ಟೈ ಕಟ್ಟಿ, ಕ್ಯಾಮೆರಾ ಹಿಡಿದು ಬಂದ. ಹಸ್ನಾ ಮುದುಕಿ ಅವನ ಎರಡೂ ಕೈ ಹಿಡಿದು ಹಣೆಗೆ ಮುತ್ತಿಟ್ಟಳು. ಅವನಿಗಾಗಿ ಬೆಳಗಿನಿಂದ ಹಿಟ್ಟನ್ನು ಬಟ್ಟೆಯ ಹಾಗೆ ತೆಳ್ಳಗೆ ಎಳೆದು, ಆಲೂಗಡ್ಡೆ ತುಂಬಿ ಸುತ್ತಿ ಬೇಯಿಸಿದ್ದರು. ಮಾಡಿದವಳು ಮಿರ್ಸಾದಾ; ಝುಲ್ಫಾಳ ಪಾಳಿಯಾಗಿತ್ತು. ಅವನು ಮೂರು ಸಲ ಹಾಕಿಸಿಕೊಂಡ.

ಕಾಫಿ ಬಂದಾಗ ಇಬ್ರಾಹಿಂ ಎದ್ದು ನಿಂತ. ಅವರ ಮಾತು ನನಗೆ ತಿಳಿಯದು. ಏನೆಂದನೆಂದು ಆಮೇಲೆ ಮಿರ್ಸಾದಾ ಹೇಳಿದಳು. "ಪ್ರೊಫೆಸರ್, ನಮ್ಮ ಪದ್ಧತಿ ನಮಗಿಂತ ನಿಮಗೆ ಚೆನ್ನಾಗಿ ಗೊತ್ತು. ನನ್ನ ತಮ್ಮನ ಹೆಂಡತಿ ಹೋಗುತ್ತೇನೆ ಎನ್ನುತ್ತಾಳೆ. ಎಲ್ಲರೆದುರು ಹೇಳಿ, ಕೂಸು ಯಾರದು?"

ಝುಲ್ಫಾ ಒಲೆ ಆರಿಸಿದಳು. ನನಗೆ ನಿನ್ನ ಗಂಡನ ಮೇಲೆ ಯಾವ ನಂಬಿಕೆಯೂ ಇರಲಿಲ್ಲ ಊರ್ಮಿಳಾ. ಆದರೂ ಆ ಗಳಿಗೆಯಲ್ಲಿ ಅವನ ಬಾಯಿಯನ್ನೇ ನೋಡಿದೆ. ಈಗಲಾದರೂ ಅಂದುಕೊಂಡೆ.

ಅವನು ಬಟ್ಟಲು ಕೆಳಗಿಟ್ಟು ಮಾತಾಡಿದ. ತುಂಬಾ ಹೊತ್ತು, ತುಂಬಾ ಚೆನ್ನಾಗಿ, ಕ್ಲಾಸಿನಲ್ಲಿ ಕೈಯಾಡಿಸುವ ಹಾಗೆ ಕೈಯಾಡಿಸಿ. ನಾನು ಮಿರ್ಸಾದಾಳ ಮುಖ ನೋಡುತ್ತಿದ್ದೆ. ಅಂಗಡಿಯವರು ಹಲಗೆಯ ಮೇಲೆ ಹಲಗೆ ಇಟ್ಟು ಬಾಗಿಲು ಹಾಕುತ್ತಾರಲ್ಲ, ಹಾಗೆ ಮುಚ್ಚಿಕೊಂಡಿತು. ಅವನ ಮಾತು ಮುಗಿಯುವ ಮೊದಲೇ ನನಗೆ ತಿಳಿಯಿತು. ಪದ್ಧತಿಯ ಪ್ರಕಾರ ಕೂಸು ಮನೆತನದ್ದು ಎಂದಿದ್ದ.

ಆಗ ಮಿರ್ಸಾದಾ, ನನಗೂ ತಿಳಿಯಲೆಂದು, ಇಂಗ್ಲಿಷಿನಲ್ಲಿ ಕೇಳಿದಳು. "ಪ್ರೊಫೆಸರ್, ತಾಯಿ? ತಾಯಿ ಏನು ಹೇಳಿದಳು ಎಂದು ನಿಮ್ಮ ಪುಸ್ತಕದಲ್ಲಿ ಬರೆದಿದೆ?"

ನಿನ್ನ ಗಂಡ ನೋಟ್‌ಬುಕ್ ತೆಗೆದು ಎರಡು ಹಾಳೆ ತಿರುವಿದ. ನಿಜವಾಗಿ ತಿರುವಿದ. ಆಮೇಲೆ, "ಅದನ್ನು ನಾನು ಕೇಳಿರಲಿಲ್ಲ" ಅಂದ.

"ಯಾರನ್ನೂ?"

"ಯಾರನ್ನೂ ಇಲ್ಲ."

ಎರಡು ವರ್ಷ, ಏಳು ಹಳ್ಳಿ. ಏನು ನಡೆಯುತ್ತಿದೆ ಎಂದು ಹಸ್ನಾ ಕೇಳಿದಳು, ಮಿರ್ಸಾದಾ ತಿರುಗಿಸಿ ಹೇಳಿದಳು. ಮುದುಕಿ ನಕ್ಕಳು. ಅಂಥ ನಗು ನನ್ನ ಮೇಲೆ ಯಾರಾದರೂ ನಕ್ಕಿದ್ದರೆ ನಾನೂ ಊಟ ಬಿಡುತ್ತಿದ್ದೆ.

ನಾನು ಎದ್ದು ಇಬ್ರಾಹಿಂಗೆ ಹೇಳಿದೆ: "ಈ ದೇಶದಲ್ಲಿ ಕೂಸು ಯಾರದೆಂದು ಪ್ರೊಫೆಸರನ್ನು ಕೇಳುವುದಿಲ್ಲ. ಕೂಸಿನ ಕಾಗದಪತ್ರ ತಾಯಿಯ ಹೆಸರಿನಲ್ಲಿವೆ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ನನ್ನ ಕಾರು ಕೆಳಗೆ ನಿಂತಿರುತ್ತದೆ. ಯಾರಾದರೂ ಅಡ್ಡ ಬಂದರೆ ಯಾವ ಆಫೀಸಿಗೆ ಫೋನ್ ಮಾಡಬೇಕೆಂದು ನನಗೆ ಗೊತ್ತು." ಧೈರ್ಯದಿಂದ ಹೇಳಿದೆ ಎಂದುಕೊಳ್ಳಬೇಡ. ಕುರ್ಚಿಯ ಬೆನ್ನು ಹಿಡಿದುಕೊಂಡೇ ಹೇಳಿದೆ.

ಮರುದಿನ ತಾಯಿ, ಮಗಳು ಇಳಿದು ಬಂದರು. ಹಿಂದೆಯೇ ಇಬ್ರಾಹಿಂ ಬಂದ. ಜಗಳಕ್ಕೆ ಎಂದುಕೊಂಡೆ. ಅವನು ಒಂದು ಚೀಲ ಹಿಟ್ಟನ್ನು ಡಿಕ್ಕಿಯಲ್ಲಿಟ್ಟ. ಅಮ್ರಾಳಿಗೆ ಸೀಟ್ ಬೆಲ್ಟ್ ಹಾಕಿ, ಎರಡು ಸಲ ಎಳೆದು ನೋಡಿದ. ಮಿರ್ಸಾದಾಳ ಮುಖ ನೋಡಲಿಲ್ಲ. ಮೇಲೆ ಹೋದ.

ಶಾರ್ಲೆಟ್‌ಗೆ ನಾಲ್ಕು ತಾಸು. ಸೌತ್ ಕ್ಯಾರೊಲಿನಾದ ಗಡಿ ದಾಟಿದ ಮೇಲೆ ಅವಳು ಮೊದಲ ಸಲ ಬಾಯಿ ಬಿಟ್ಟಳು. "ಇಲ್ಲಿ ನಿಲ್ಲಿಸಬಹುದೇ? ನನಗೆ ಕಾಫಿ ಬೇಕು." ಹೇಳಿ, ತಾನೇ ಬೆಚ್ಚಿದವಳಂತೆ ನನ್ನನ್ನು ನೋಡಿದಳು.

ನಿನ್ನ ಗಂಡನ ಫೋಟೋ ಆಗಲಿಲ್ಲ. ಅವನ ಊಟದ ಚಿಂತೆ ಮಾಡಬೇಡ, ಹಸಿದರೆ ಉಣ್ಣುತ್ತಾನೆ.

ಸಿದ್ದೇಶ್ವರಿ


ಸಿಲ್ವರ್ ಸ್ಪ್ರಿಂಗ್
6 ಏಪ್ರಿಲ್ 1997

ಅತ್ತಿಗೆಯವರಿಗೆ,

ಕೊನೆಯ ಅಧ್ಯಾಯ ಬರೆಯುತ್ತಿಲ್ಲ. ಹಳೆಯ ನೋಟ್‌ಬುಕ್‌ಗಳನ್ನೆಲ್ಲ ತೆಗೆದು ನೋಡಿದೆ. ಏಳು ಹಳ್ಳಿಗಳಲ್ಲಿ ನೂರಾ ಹನ್ನೆರಡು ಜನರ ಜೊತೆ ಮಾತಾಡಿದ್ದೇನೆ. ಅದರಲ್ಲಿ ಹೆಂಗಸರು ಒಂಬತ್ತು. ಒಂಬತ್ತೂ ಜನ ಯಜಮಾನರ ತಾಯಂದಿರು.

ನಿಮಗೆ ಗೊತ್ತಿಲ್ಲದ್ದು ಒಂದಿದೆ. ಆ ಮೂರು ದಿನ ಕಲ್ಮೇಶ ಯಾವ ಊರಿಗೂ ಹೋಗಿರಲಿಲ್ಲ. ಅಟ್ಟದ ಮೇಲೆ ಇಟ್ಟಿದ್ದರು. ಅಲ್ಲಿಗೆ ಊಟ ಒಯ್ಯುತ್ತಿದ್ದವನು ನಾನು. ಅಳಬಾರದೆಂದು ಕಥೆ ಹೇಳುತ್ತಿದ್ದೆ. ಬರೆದದ್ದಷ್ಟೇ ನನ್ನ ಪಾಲು ಎಂದು ನಿಮಗೆ ಬರೆದಿದ್ದೆ, ಅದು ಸುಳ್ಳು.

ಹೋದ ವಾರ ಕಲ್ಮೇಶನಿಗೆ ಎಲ್ಲವನ್ನೂ ಬರೆದು ಕಳಿಸಿದೆ. ಕಾಗದದ ವಿಷಯ, ಅಟ್ಟದ ವಿಷಯ, ನೀವು ಮೂರು ದಿನ ತಡೆದದ್ದು. ಪೋಸ್ಟ್ ಮಾಡಿಬಂದವಳು ಊರ್ಮಿಳಾ. ನನ್ನ ಕೈಯಲ್ಲಿ ಬಿಟ್ಟರೆ ಹೋಗುತ್ತದೆಂಬ ನಂಬಿಕೆ ಅವಳಿಗಿರಲಿಲ್ಲ.

ಬಸಲಿಂಗಪ್ಪ


ಡುಲುತ್
18 ಮೇ 1997

ಬಸಲಿಂಗಪ್ಪನಿಗೆ,

ನಿನ್ನ ಪತ್ರ ಓದಿ ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಅಟ್ಟ! ಅದರ ಕೆಳಗೇ ಕೂತು ರೊಟ್ಟಿ ಬಡಿಯುತ್ತಿದ್ದೆ ನಾನು. ಬಡಿಯುವ ಸದ್ದಿನಲ್ಲಿ ಅವನ ಸದ್ದು ಕೇಳಿಸಲಿಲ್ಲ. ನೀನು ಕ್ಷಮೆ ಕೇಳಿಲ್ಲ. ಒಳ್ಳೆಯದಾಯಿತು, ಇಲ್ಲ ಎನ್ನುವ ಶ್ರಮ ತಪ್ಪಿತು. ಇನ್ನು ಮುಂದೆ ನನಗೆ ಬರೆಯಬೇಡ. ಊರ್ಮಿಳಾ ಬರೆಯಲಿ, ಇಲ್ಲಿಗೆ ಬಂದು ನಾಲ್ಕು ದಿನ ಇರಲಿ. ನನ್ನದು ಒಂದೇ ಕೋಣೆ, ಆದರೆ ಮೋಟೆಲಿಗೆ ಕಳಿಸುವುದಿಲ್ಲ.

ಇದೊಂದನ್ನು ಮಾತ್ರ ನಿನಗೆ ತಿಳಿಸಬೇಕು, ಏಕೆಂದರೆ ಒಳ್ಳೆಯ ಕೆಲಸ ಮಾಡಿದೆನೆಂದು ನೀನು ಬೀಗುತ್ತಿರಬಹುದು. ಕಲ್ಮೇಶ ಫೋನ್ ಮಾಡಿದ್ದ. ಅತ್ತಾನು ಎಂದುಕೊಂಡಿದ್ದೆ, ಅಳಲಿಲ್ಲ. ನನ್ನ ಮೇಲೇ ಹರಿಹಾಯ್ದ.

"ಇಷ್ಟ್ ವರ್ಷ ಯಾಕ ಬಾಯಿ ಬಿಡಲಿಲ್ಲ ನೀ? ಮೂರ್ ಸಲ ಊರಿಗಿ ಬಂದಿ, ಉಂಡಿ, ಹೋದಿ. ಒಂದ್ ಮಾತ ಹೇಳಾಕ ಏನಾಗಿತ್ತು ನಿನಗ?"

"ಹೇಳಿದ್ರ ನಂಬತಿದ್ದೇನು?" ಎಂದೆ.

"ನಂಬೂದು ಬಿಡೂದು ನನ್ನ ಕೆಲಸ! ನಿನ್ನ ಕೆಲಸ ಹೇಳೂದಿತ್ತು!"

ಫೋನ್ ಕುಕ್ಕಿದ. ಅವನು ಹೇಳಿದ್ದು ಸರಿ. ಕಾಗದ ಬರೆದವನು ನೀನು, ಸುಮ್ಮನಿದ್ದವಳು ನಾನು. ಬೈಸಿಕೊಳ್ಳಬೇಕಾದ ಶಿವಬಸಪ್ಪ ಸತ್ತು ಮಣ್ಣಾಗಿದ್ದಾರೆ.

ಮರುದಿನ ಅಂಗಡಿ ಬಾಗಿಲು ಹಾಕಿ ಬಂದು ಮತ್ತೆ ಫೋನ್ ಮಾಡಿದ. ಹಿಂದಿನ ದಿನ ಬಿಟ್ಟ ಮಾತಿನಿಂದಲೇ ಜಗಳ ಶುರುಮಾಡಿದ. ಈಗ ವಾರಕ್ಕೆರಡು ಸಲ ಮಾಡುತ್ತಾನೆ. ಇಷ್ಟು ವರ್ಷ ಅವನು ನನ್ನ ಜೊತೆ "ಆರಾಮದೀರ್ರಿ? ಹಾದಿ ಆರಾಮಾತ್ರಿ?" ಎನ್ನುವುದರಾಚೆ ಮಾತಾಡಿದವನಲ್ಲ. ಹೊರಗಿನಿಂದ ಬಂದವರಿಗೆ ಕುರ್ಚಿ ಒರೆಸಿ ಕೊಡುವ ಹಾಗೆ ಮರ್ಯಾದೆ ಕೊಡುತ್ತಿದ್ದ. ಈಗ ಗಂಟಲು ಹರಿಯುವ ಹಾಗೆ ಕೂಗುತ್ತಾನೆ. ನಾನೂ ಕೂಗುತ್ತೇನೆ. ಎದುರು ಮನೆಯ ಹಸ್ನಾ ಬಾಗಿಲು ತಟ್ಟಿ, ಯಾರ ಜೊತೆ ಇಷ್ಟು ಜಗಳ ಎಂದು ಕೈಸನ್ನೆಯಲ್ಲಿ ಕೇಳಿದಳು. ಮಗನ ಜೊತೆ ಎಂದೆ.

ಜೂನ್ ಹನ್ನೆರಡಕ್ಕೆ ಟಿಕೆಟ್ ತೆಗೆದಿದ್ದೇನೆ. ಇನ್ನೂ ಬಹಳ ಬೈಯುವುದಿದೆಯಂತೆ, ಎದುರಿಗೆ ಕೂಡಿಸಿಕೊಂಡೇ ಬೈಯುತ್ತಾನಂತೆ.

ಸಿದ್ದೇಶ್ವರಿ